ಮೀನಿನ ಸೋಮವಾರದ ಉಪವಾಸ

ಕೇಳಿದವರು ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮದು ಸಿಂದಗಿ. ನಾನು ಪಿಯುಸಿ ಎರಡನೇ ವರ್ಷದ ವಿಜ್ಞಾನದ ವಿದ್ಯಾರ್ಥಿ. ಜೊತೆಗೆ ಆರು ಗೋಲ್ಡ್‌ಫಿಶ್‌ಗಳ ಪಾಲಕ. ಎರಡೂ ಹೊಣೆಗಳನ್ನು ಸಲೀಸಾಗಿ ನಿಭಾಯಿಸುವೆನೆಂಬ ಪೂರ್ಣ ನಂಬಿಕೆ ನನಗಿತ್ತು. ಅಪ್ಪನಿಗಿರಲಿಲ್ಲ. "ಕೆಮಿಸ್ಟ್ರಿ ಫೇಲಾದಿ ಅಂದ್ರ ಮೀನು ಈ ಮನ್ಯಾಗ ಇರಂಗಿಲ್ಲ ನೋಡು" ಎಂದು ಹೇಳಿಬಿಟ್ಟಿದ್ದ.

ಓದುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮನೆಯವರ ಅಂತಃಕರಣ! ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದರೆ ಸಾಕು, ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಕರುಳು ಚುರ್ ಎನ್ನುತ್ತಿತ್ತು.

"ಹಸದಾವೋ! ಹಸದವ್ರ ಮುಂದ ನಾವು ಹ್ಯಾಂಗ ಉಣ್ಣೂದು?" ಎಂದು ಜೋಳದ ರೊಟ್ಟಿ ಮುರಿದು ಹಾಕುವಳು. ಅವ್ವ ಅನ್ನದ ಅಗುಳು ಹಾಕುವಳು. ಯಂಕಂಚಿಯಿಂದ ಬಂದ ಕಾಕಾ ಶೇಂಗಾ ಚಟ್ನಿ ಹಾಕಿದ, ಖಾರದ್ದು! ನೀರು ಕೆಡುವುದು, ನಾನು ಪುಸ್ತಕ ಮುಚ್ಚಿ ಟ್ಯಾಂಕು ತೊಳೆಯುವುದು. ಅದೂ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ! ಕೂಗಾಡಿದೆ. "ಏನೂ ಹಾಕಬ್ಯಾಡ್ರಿ" ಎಂದು ದೊಡ್ಡಕ್ಷರದಲ್ಲಿ ಬರೆದು ಟ್ಯಾಂಕಿನ ಮೇಲಿಟ್ಟೆ. ಆಯಿ ಆ ಕಾಗದವನ್ನು ಸರಿಸಿ ರೊಟ್ಟಿ ಹಾಕಿದಳು.

ಕೆಮಿಸ್ಟ್ರಿ ಪರೀಕ್ಷೆ ಸೋಮವಾರ ಬಂತು. ಅಂದು ಬೆಳಿಗ್ಗೆ ನನಗೊಂದು ಘನವಾದ ಉಪಾಯ ಹೊಳೆಯಿತು. ನಮ್ಮ ಮನೆಯಲ್ಲಿ ವಿಜ್ಞಾನಕ್ಕೆ ಬೆಲೆಯಿಲ್ಲ, ಉಪವಾಸಕ್ಕಿದೆ.

"ಆಯಿ, ಇವತ್ತ ಮೀನಿಗೆ ಏನೂ ಹಾಕಬ್ಯಾಡ. ನನ್ನ ಪರೀಕ್ಷಾ ಸಲುವಾಗಿ ಅವು ಸೋಮವಾರ ಉಪವಾಸ ಅದಾವ."

ಆಯಿ ಟ್ಯಾಂಕಿಗೆ ಕೈಮುಗಿದಳು. "ಹೌದೇನೋ! ನಿನಗಿಂತ ಅವಕ್ಕ ಭಕ್ತಿ ಐತಿ ಬಿಡು."

ಗೆದ್ದೆ! ಒಳಗೆ ಹೋಗಿ ಕೊನೆಯ ಅಧ್ಯಾಯ ತೆರೆದೆ. ಅರ್ಧ ತಾಸು ಬಿಟ್ಟು ಬಂದು ನೋಡಿದರೆ ಟ್ಯಾಂಕಿನಲ್ಲಿ ಮೀನೇ ಕಾಣಲಿಲ್ಲ. ನೀರು ಬೆಳ್ಳಗಾಗಿತ್ತು! ಮೇಲೆ ಬಾಳೆಹಣ್ಣಿನ ಚೂರುಗಳು ತೇಲುತ್ತಿದ್ದವು.

"ಆಯೀ! ಇದೇನ ಮಾಡಿದಿ?"

"ಉಪವಾಸಕ್ಕ ಫರಾಳ ಬ್ಯಾಡೇನೋ? ಹಾಲು, ಹಣ್ಣು, ನೆನಸಿದ ಸಾಬೂದಾಣಿ. ಪಾಪ, ಬರೇ ಹೊಟ್ಟಿಲೆ ಹ್ಯಾಂಗ ಇರ್ತಾವ?"

ನನ್ನ ಪಿತ್ತ ನೆತ್ತಿಗೇರಿತು. ಕುಡಿಯಲು ತುಂಬಿಟ್ಟ ಕೊಡಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಚಹಾ ಸೋಸುವ ಜರಡಿಯಿಂದ ಒಂದೊಂದೇ ಮೀನು ಎತ್ತಿ ಬಿಟ್ಟೆ. ಆರೂ ಬದುಕಿದವು. ಕೊನೆಯ ಅಧ್ಯಾಯ ಹಾಗೇ ಉಳಿಯಿತು, ಪ್ರಶ್ನೆಗಳೆಲ್ಲ ಅಲ್ಲಿಂದಲೇ ಬಂದವು! ಪರೀಕ್ಷೆಯ ಕೋಣೆಯಲ್ಲಿ ನನ್ನ ಅಂಗಿ ಒಡೆದ ಹಾಲಿನ ವಾಸನೆ ಹೊಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡೇ ಬರೆದಳು, ಪಾಸೂ ಆದಳು.

ನಾನು ಫೇಲಾದೆ.

ಅಪ್ಪ ಟ್ಯಾಂಕು ಎತ್ತಲು ಹೋದ. ಆಯಿ ಅಡ್ಡ ನಿಂತಳು.

"ಮೀನಿಂದೇನು ತಪ್ಪೈತಿ? ಅವು ಉಪವಾಸ ಮಾಡ್ಯಾವ. ಓದೂದು ಇವನ ಕೆಲಸ ಇತ್ತಿಲ್ಲೋ?"

ಅಪ್ಪನಿಗೆ ಮಾತು ನ್ಯಾಯವೆನಿಸಿತು. ನನಗೆ ಉಪವಾಸವೇ ಸುಳ್ಳು ಎಂದು ಕಿರುಚಬೇಕೆನಿಸಿತು. ಆದರೆ ಆ ಸುಳ್ಳು ಹೇಳಿದವನು ನಾನೇ!

ಹೀಗಾಗಿ ಮನೆಯಿಂದ ಹೊರಬಿದ್ದವನು ನಾನು. ಮರುಪರೀಕ್ಷೆ ಮುಗಿಯುವವರೆಗೆ ದೇವರ ಹಿಪ್ಪರಗಿಯ ಮಾವನ ಮನೆಯಲ್ಲಿ ಓದಬೇಕೆಂದು ಅಪ್ಪನ ಆಜ್ಞೆ. ಮೀನುಗಳು ಸಿಂದಗಿಯಲ್ಲೇ ಆರಾಮಾಗಿವೆ. ಆಯಿ ನಿನ್ನೆ ಫೋನ್ ಮಾಡಿದ್ದಳು. ಟ್ಯಾಂಕನ್ನು ನಾನು ಓದುತ್ತಿದ್ದ ಟೇಬಲ್ಲಿನ ಮೇಲೆ ಇಟ್ಟಿದ್ದಾರಂತೆ. ಆ ಜಾಗ ಈಗ ಉಪಯೋಗಕ್ಕೆ ಬಂತಂತೆ!