ಕೆ ಅಂದ್ರ ಕರೆಮ್ಮ

"ಲತೀಫಾನ ನಿಕಾಹ್ ಚಿಂತಿ ನನಗ ಬಿಡ್ರಿ. ದುಬೈ ದುಡ್ಡು ಮಾನ್ವಿಗೆ ತರಿಸೋವಷ್ಟು ಇಂಗ್ಲಿಷ್ ನನಗ ಬರ್ತದ" ಎಂದು ಬಳೆ ಅಂಗಡಿಯ ಮಹಮ್ಮದ್ ಹುಸೇನ್ ಸಾಹೇಬರು ಎದೆ ತಟ್ಟಿಕೊಂಡರು. ಆ ಇಂಗ್ಲಿಷ್ ಏಳನೇ ತರಗತಿಗೇ ನಿಂತಿತ್ತೆಂಬುದು ಹೆಂಡತಿ ಜೈನಾಬ್‌ಗೆ ಗೊತ್ತಿತ್ತು. ಆದರೂ ಮಗಳ ಮದುವೆಯ ಮಾತೆಂದು ಬಾಯಿ ಮುಚ್ಚಿಕೊಂಡಳು.

ಅದು ಎಂಬತ್ತರ ದಶಕ. ದುಬೈಯಲ್ಲಿದ್ದ ಜೈನಾಬ್‌ಳ ತಮ್ಮ ಅಲ್ಲಾಉದ್ದೀನ್ ಮದುವೆ ಖರ್ಚು ಕಳಿಸಲು ಸಿದ್ಧನಿದ್ದ. ಆದರೆ ಅಲ್ಲಿನ ಬ್ಯಾಂಕಿಗೆ ಇಲ್ಲಿನ ಬ್ಯಾಂಕಿನ ಗುರುತಿನ ಕೋಡು ಬೇಕಂತೆ.

"ಕೋಡು ಎತ್ತಿಗಿರ್ತದ. ಬ್ಯಾಂಕಿಗೆಲ್ಲಿದು?" ಎಂದಳು ಜೈನಾಬ್.

"ನಿನಗ ತಿಳಿಯೂದಿಲ್ಲ, ಸುಮ್ಮನಿರು."

ಬ್ಯಾಂಕಿನ ಗುಮಾಸ್ತ ಅಯ್ಯಣ್ಣ ಮೂರಕ್ಷರ ಹೇಳಿಕೊಟ್ಟ: ಕೆ, ಡಿ, ಎಂ. "ಒಂದಕ್ಷರ ತಪ್ಪಿತೋ, ದುಡ್ಡಿಗೆ ಖುದಾ ಹಾಫಿಜ್ ರೀ." ಸಾಹೇಬರು ನಕ್ಕರು. ಬ್ಯಾಂಕಿನ ಕೋಡು ಅವರ ತಲೆಯ ಮೇಲೆ ಆಗಲೇ ಮೂಡಿತ್ತು.

ಅರ್ಧ ದಿನ ಪೋಸ್ಟಾಫೀಸಿನಲ್ಲಿ ಕಾದ ಮೇಲೆ ಟ್ರಂಕ್ ಕಾಲ್ ಸಿಕ್ಕಿತು. ಇವರು ಕೆ ಎಂದರೆ ಅತ್ತ ಅಲ್ಲಾಉದ್ದೀನನಿಗೆ ಜೆ ಕೇಳಿಸುತ್ತದೆ. ಡಿ ಎಂದರೆ ಬಿ. ಸಾಹೇಬರಿಗೆ ಮಹಾ ಉಪಾಯವೊಂದು ಹೊಳೆಯಿತು. ಬಾಯಿಗೆ ಬಂದ ಹೆಸರು ಹಿಡಿದು ಕತ್ತೆಯಂತೆ ಒದರಿದರು.

"ಕೆ ಅಂದ್ರ ಕರೆಮ್ಮ. ಡಿ ಅಂದ್ರ ದೇವದುರ್ಗ. ಎಂ ಅಂದ್ರ ಮೂಕಪ್ಪ. ಬರಕೊಂಡಿಯೇನು?"

"ಬರಕೊಂಡೆ ಭಾಯಿ."

ಬರೆದುಕೊಂಡಿದ್ದ, ಪಾಪ. ಕೇಳಿದ್ದನ್ನು ಕೇಳಿದ ಹಾಗೇ ಅಲ್ಲಿನ ಬ್ಯಾಂಕಿಗೆ ಕೊಟ್ಟೂ ಬಿಟ್ಟ.

ವಾರ ಕಳೆದು ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋದರು. ಅಯ್ಯಣ್ಣ ತಲೆ ಕೆರೆದುಕೊಂಡ. "ದುಡ್ಡು ಬಂದದ್ರೀ ಸಾಹೇಬ್ರ, ದೇವದುರ್ಗ ಬ್ಯಾಂಕಿಗೆ. ಹೆಸರು ಕರೆಮ್ಮ, ಗಂಡ ಮೂಕಪ್ಪ."

ಜೈನಾಬ್ ಮೆಲ್ಲಗೆ ಗಂಡನತ್ತ ತಿರುಗಿದಳು. "ಯಾರ್ರೀ ಆಕಿ ಕರೆಮ್ಮ?"

"ಆಕಿ ಬರೇ ಅಕ್ಷರ."

"ಅಕ್ಷರಕ್ಕ ಗಂಡ ಇರ್ತಾನೇನು?"

ಸಾಹೇಬರು ಹೆಂಡತಿಯನ್ನು ಕರೆದುಕೊಂಡು ದೇವದುರ್ಗದ ಬಸ್ಸು ಹತ್ತಿದರು. ದೇವದುರ್ಗದಲ್ಲಿ ಆ ಹೆಸರಿನ ಗಂಡ ಹೆಂಡತಿ ನಿಜಕ್ಕೂ ಇರಬೇಕೆ? ಬಸ್ಸಿಳಿದು ಮನೆ ಹುಡುಕಿಕೊಂಡು ಹೋದರೆ, ಮೂಕಪ್ಪ ಬಾರುಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ನನ್ನ ಹೆಂಡ್ತಿಗೆ ದುಬೈದಿಂದ ದುಡ್ಡು ತರಿಸಾವ ನೀನೇ ಏನು?"

ಒಳಗಿಂದ ಕರೆಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಳು. "ನಾ ಹೆಬ್ಬೆಟ್ಟು ಒತ್ತಿಲ್ಲ ಯವ್ವಾ. ಬ್ಯಾಡಂದೆ, ಬ್ಯಾಂಕಿನವರು ದುಬೈಗೇ ವಾಪಸ್ ಕಳಿಸಿದ್ರು. ಆದ್ರೂ ಇವ ಮನ್ಯಾಗ ಉಣವಲ್ಲ."

"ನಮ್ಮನ್ಯಾಗೂ ಒಲಿ ಹತ್ತಿಲ್ಲವ್ವಾ" ಎಂದು ಜೈನಾಬ್ ಅವಳ ಕೈ ಹಿಡಿದಳು. ಆಮೇಲೆ ಇಬ್ಬರೂ ಕೂತು ತಂತಮ್ಮ ಗಂಡಂದಿರ ಬುದ್ಧಿಯನ್ನು ಮನಸಾರೆ ಹೊಗಳಿದರು. ಕೇಳುತ್ತ ಕೇಳುತ್ತ ಮೂಕಪ್ಪ ಬಾರುಕೋಲನ್ನು ಮೂಲೆಗಿಟ್ಟ.

ಮರಳುವ ಬಸ್ಸಿನಲ್ಲಿ ಸಾಹೇಬರಿಗೆ ನಿಜವಾಗಿ ಅಳು ಬಂತು. ನಿಕಾಹ್ ಹತ್ತಿರವಿತ್ತು. ಸಿರವಾರದ ಬೀಗರಿಗೆ ಏನು ಹೇಳುವುದು, ಮಗಳಿಗೆ ಯಾವ ಮುಖ ತೋರಿಸುವುದು?

ಎರಡನೆಯ ಸಲ ಟ್ರಂಕ್ ಕಾಲ್ ಸಿಕ್ಕಾಗ ಫೋನು ಜೈನಾಬ್‌ಳ ಕೈಯಲ್ಲಿತ್ತು. ಸಾಹೇಬರು ಮೂಲೆ ಹಿಡಿದು ನಿಂತಿದ್ದರು.

"ಕೆ ಅಂದ್ರ ಕತ್ತಿ. ಬಾಲ ಇಲ್ಲದ ಒದರೋ ಕತ್ತಿ, ಇಲ್ಲೇ ನನ್ನ ಬಾಜೂಕ ನಿಂತದ. ಡಿ ಅಂದ್ರ ದಡ್ಡ. ಎಂ ಅಂದ್ರ ಮಾನ್ವಿ."

"ತಿಳೀತು ಆಪಾ" ಎಂದ ಅಲ್ಲಾಉದ್ದೀನ್. ಒಂದಕ್ಷರವನ್ನೂ ತಿರುಗಿ ಕೇಳಲಿಲ್ಲ.

ನಿಕಾಹ್‌ಗೆ ಎರಡು ದಿನವಿರುವಾಗ ಅಯ್ಯಣ್ಣನೇ ಕರೆಸಿದ. "ದುಡ್ಡು ಈ ಸಲ ಮಾನ್ವಿಗೇ ಬಂದದ್ರೀ. ಆದ್ರ ಹೆಸರು 'ಕತ್ತಿ ದಡ್ಡ' ಅಂತ ಅದ. ಊರಾಗ ಯಾರದಾರ್ರೀ ಈ ಹೆಸರಿನವರು?"

ಜೈನಾಬ್ ಗಂಡನ ಮುಖ ನೋಡಿದಳು. ಹೊರಗೆ ಪೆಂಡಾಲಿನವನು ಮುಂಗಡಕ್ಕೆ ಕಾಯುತ್ತಿದ್ದ. ಸಾಹೇಬರು ಟೋಪಿ ಸರಿಮಾಡಿಕೊಂಡು ಮುಂದೆ ಬಂದರು.

"ನಾನೇ ರೀ. ಸಹಿ ಎಲ್ಲಿ ಮಾಡ್ಲಿ?"