‘ಲ್ಲ’ ಹಿಡಿಸದ ಬೋರ್ಡು ಸಾಹೇಬರಿಗೆ

ನಮ್ಮೂರ ಕಾಲುವೆಗೆ ಇಳಿಯುವ ಪಾವಟಿಗೆಯ ಪಕ್ಕ ಎರಡು ಕಬ್ಬಿಣದ ಕಾಲಿನ ಮೇಲೆ ನಿಂತು ಊರ ಮಾನ ಕಾಯುತ್ತಿರುವ ಬೋರ್ಡು ಸಾಹೇಬರ ತಗಡಿನ ಸನ್ನಿಧಿಗೆ, ಕಕ್ಕೇರಾ ರಸ್ತೆಯ ಹೊಲಿಗೆ ಮಶಿನ್ನಿನ ಮರಿಲಿಂಗಮ್ಮ ಮಾಡುವ ಶರಣು ಶರಣಾರ್ಥಿ.

ವಿಷಯ: ತಮ್ಮ ಮೈಮೇಲೆ ಜಾಗ ಸಾಲದೆ ಬಿಟ್ಟುಹೋದ ಒಂದು ಅಕ್ಷರ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತುಕ್ಕು ಇನ್ನೂ ತಮ್ಮ ಮೊಣಕಾಲು ದಾಟಿಲ್ಲ ಎಂದು ನಂಬಿದ್ದೇನೆ. ಮೊಣಕಾಲು ಎಂದದ್ದಕ್ಕೆ ಕ್ಷಮೆ ಇರಲಿ; ನಮ್ಮೂರಲ್ಲಿ ಈಗ ಹೆಂಗಸರು ಆ ಅಂಗದ ಹೆಸರು ಹೇಳುವಂತಿಲ್ಲ.

ತಾವು ಹುಟ್ಟಿದ ಕಥೆಯನ್ನು ತಮಗೆ ಯಾರೂ ಹೇಳಿರಲಾರರು. ದೀಪಾವಳಿಯ ಹಿಂದಿನ ವಾರ ಊರ ಕಮಿಟಿಯ ಅಧ್ಯಕ್ಷರಾದ ಭಗವಂತರಾಯರ ಹೆಂಡತಿ ದೇವಕ್ಕ ಕೌದಿ ಒಗೆಯಲು ಹೋಗಿ ಕಾಲುವೆಗೆ ಜಾರಿ ಬಿದ್ದಳು. ದಂಡೆಯ ಮೇಲೆ ಈಜು ಬಲ್ಲ ನಾಲ್ಕು ಗಂಡಸರಿದ್ದರು. ಪರಸ್ತ್ರೀಯ ಸೀರೆಗೆ ಕೈ ಹಾಕುವುದು ಹೇಗೆಂದು ಅವರು ಇನ್ನೂ ವಿಚಾರ ಮಾಡುತ್ತಿರುವಾಗಲೇ, ಭತ್ತದ ಗದ್ದೆಯಿಂದ ಕೂಲಿ ಮುಗಿಸಿ ಬರುತ್ತಿದ್ದ ಮೌನಮ್ಮ ಕಚ್ಚೆ ಬಿಗಿದು ಹಾರಿ, ತುರುಬು ಹಿಡಿದು ಎಳೆದು ತಂದಳು. ಉಸಿರು ತಿರುಗಿದ ಮೇಲೆ ದೇವಕ್ಕ ಆಡಿದ ಮೊದಲ ಮಾತು, “ನನ್ನ ಮುಳುಗಿಸಿದ್ದು ನೀರಲ್ಲ ಯವ್ವಾ, ಕಾಲಿಗೆ ಸುತ್ಕೊಂಡ ಈ ಸೀರಿ” ಎಂಬುದು.

ಮರುವಾರದಿಂದಲೇ ಮೌನಮ್ಮ ನಸುಕಿನಲ್ಲಿ ಹತ್ತು ಹೆಂಗಸರಿಗೆ ಈಜು ಕಲಿಸತೊಡಗಿದಳು. ಎಲ್ಲರೂ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಚ್ಚೆ ಕಟ್ಟಿದ್ದರು. ಭಗವಂತರಾಯರು ಅದನ್ನು ಕಂಡು, “ಏನವಾ ಇದು? ಊರ ಮರ್ಯಾದಿ ಹೋಗ್ತದ” ಎಂದರೆ, ಮೌನಮ್ಮ, “ನಿಮ್ಮ ಗದ್ದ್ಯಾಗ ಸಸಿ ಹಚ್ಚುವಾಗನೂ ಇವೇ ಮೊಣಕಾಲ ಇದ್ವಲ್ರೀ ಸಾವ್ಕಾರ್ರ, ಆಗೆಲ್ಲಿ ಹೋಗಿತ್ರಿ ಮರ್ಯಾದಿ?” ಎಂದು ಕೇಳಿಬಿಟ್ಟಳು. ಬಾಯಲ್ಲಿ ಉತ್ತರ ಇಲ್ಲದವರು ಬೋರ್ಡು ಬರೆಸುತ್ತಾರೆ. ಹಾಗೆ ತಾವು ಅವತರಿಸಿದಿರಿ.

ಸಾಹೇಬರೇ, ನೀರಿಗಿಳಿಯುವ ಬಟ್ಟೆಯ ಚರಿತ್ರೆ ನನ್ನ ಕತ್ತರಿಗೆ ಚೆನ್ನಾಗಿ ಗೊತ್ತು. ನಮ್ಮಜ್ಜ ಬಾವಿಗೆ ಧುಮುಕುತ್ತಿದ್ದುದು ಅಂಗೈಯಗಲದ ಲಂಗೋಟಿಯಲ್ಲಿ, ಅದು ಸಂಪ್ರದಾಯ. ಅಪ್ಪನ ಕಾಲಕ್ಕೆ ಪಟ್ಟಾಪಟ್ಟಿ ಚಡ್ಡಿ ಬಂತು. ಲಾಡಿ ಬಿಗಿಯಿದ್ದರೆ ಅದೂ ಸಂಪ್ರದಾಯ. ಕಾಲುವೆ ತೋಡುವಾಗ ಕ್ಯಾಂಪಿನ ಇಂಜಿನಿಯರರ ಹೆಂಡತಿ ಕುತ್ತಿಗೆಯಿಂದ ತೊಡೆಯವರೆಗಿನ ನೀಲಿ ಉಡುಪು ತೊಟ್ಟು ಒಂದು ವಾರ ಕ್ಯಾಂಪಿನ ಕೆರೆಯಲ್ಲಿ ಈಜಿದರಂತೆ. ಅದು ಮರ್ಯಾದೆಗೆಟ್ಟದ್ದು ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಮೂರು ಊರಿನ ಗಂಡಸರು ಬಂಡಿ ಕಟ್ಟಿಕೊಂಡು ದಿನಾಲೂ ಬಂದಿದ್ದರು. ಇನ್ನು ಭಗವಂತರಾಯರು ತೆಳು ಧೋತರದಲ್ಲಿ ಮುಳುಗಿ ಎದ್ದಾಗ ಆ ಒದ್ದೆ ಧೋತರ ಏನನ್ನು ಮುಚ್ಚುತ್ತದೆಂದು ನಾನು ಹೇಳಲಾರೆ. ಅದು ಏನನ್ನೂ ಮುಚ್ಚುವುದಿಲ್ಲ.

ಆದರೆ ತಾವು ಹಾಗಲ್ಲ; ತಾವು ಒಂದು ಅಕ್ಷರ ಮುಚ್ಚಿಟ್ಟಿದ್ದೀರಿ. ಪೇಂಟರ್ ಅಂಬ್ರಪ್ಪ ಮೊದಲ ಅಕ್ಷರಗಳನ್ನು ದಪ್ಪಗೆ ಬರೆದು, ಸಾಲಿನ ಕೊನೆಗೆ ತಗಡು ಸಾಲದೆ, ‘ಇಳಿಯತಕ್ಕದ್ದಲ್ಲ’ ಎಂಬುದರ ‘ಲ್ಲ’ ಬಿಟ್ಟು, ಅಂದವಾಗಿ ಒಂದು ಕೊಂಬು ಕೊಟ್ಟು ಮುಗಿಸಿದ್ದಾನೆ. ಹಾಗಾಗಿ ತಾವು ಈಗ ಊರಿಗೆಲ್ಲ ಹೇಳುತ್ತಿರುವುದು ಇಷ್ಟು: ‘ಮೈತುಂಬ ಸೀರೆ ಉಡದೆ ಹೆಂಗಸರು ನೀರಿಗೆ ಇಳಿಯತಕ್ಕದ್ದು. ಕಮಿಟಿಯ ಆಜ್ಞೆ.’

ಆಜ್ಞೆ ಮೀರುವ ಹೆಂಗಸರು ನಾವಲ್ಲ. ಹಳೆಯ ಕೊಡೆಗಳ ಕರಿ ಬಟ್ಟೆ ಬಿಚ್ಚಿ, ಎರಡು ಕೊಡೆಗೆ ಒಂದು ಜೊತೆಯಂತೆ, ಮೊಣಕಾಲವರೆಗಿನ ಚಲ್ಲಣ ಮತ್ತು ಗಿಡ್ಡ ಅಂಗಿ ಹೊಲಿದೆ. ನೀರು ಹಿಡಿಯುವುದಿಲ್ಲ, ಕಾಲಿಗೆ ಸುತ್ತುವುದಿಲ್ಲ. ಇಷ್ಟು ಭಕ್ತಿಯಿಂದ ಪಾಲಿಸಿದರೂ ಕಮಿಟಿಗೆ ಸಿಟ್ಟು ಬಂದಿದೆ. ಸೋಮವಾರ ಅಂಬ್ರಪ್ಪ ಕೊಂಬು ಕೆರೆದು ಆ ‘ಲ್ಲ’ವನ್ನು ಅಂಚಿನಲ್ಲಿ ಸಣ್ಣಗೆ ತುರುಕುತ್ತಾನಂತೆ. ಅದು ಬಂದರೆ ಮೌನಮ್ಮನ ಈಜು ಪಾಠ ನಿಂತಂತೆಯೇ.

ಇಲ್ಲಿ ನಗೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ ಇದೇ ಪಾವಟಿಗೆಯಲ್ಲಿ ನನ್ನ ತಂಗಿ ಅಯ್ಯಮ್ಮ ಹೋದಳು. ಎತ್ತಿ ತಂದಾಗ ಸೀರೆ ಎರಡೂ ಕಾಲಿಗೆ ಹಗ್ಗದ ಹಾಗೆ ಬಿಗಿದಿತ್ತು, ಸೆರಗು ಮಾತ್ರ ತಲೆಯ ಮೇಲೇ ಇತ್ತು. ಬಂದವರೆಲ್ಲ, ಎಂಥ ಮಾನವಂತೆ ಎಂದು ಹೊಗಳಿದರು. ಆ ಸೀರೆಯ ಅಂಚಿಗೆ ಫಾಲ್ ಹಚ್ಚಿ ಭಾರ ಮಾಡಿದವಳು ನಾನೇ. ನನಗೆ ಆ ಹೊಗಳಿಕೆ ಇವತ್ತಿಗೂ ಬೇಡ, ತಂಗಿ ಬೇಕು.

ಆದ್ದರಿಂದ ತಾವು ಸೋಮವಾರದೊಳಗೆ ಬಲಗಡೆ ಒಂದು ಗೇಣು ಕುಗ್ಗಬೇಕು. ಅದಾಗದಿದ್ದರೆ ಓದು ಬಾರದ ಕಾಲುವೆ ನೀರಿಗೆ ಅಕ್ಷರ ಕಲಿಸಿ, ಮಾನವಂತರನ್ನು ಮುಳುಗಿಸಬಾರದೆಂದು ತಿಳಿಹೇಳಬೇಕು. ಅದೂ ಆಗದಿದ್ದರೆ ಸೀರೆಗಳಿಗಾದರೂ ಈಜು ಕಲಿಸಬೇಕೆಂದು ಪ್ರಾರ್ಥನೆ.

ಕಮಿಟಿಯ ಆಜ್ಞೆಯನ್ನು ಅಕ್ಷರ ಬಿಡದೆ ಪಾಲಿಸುತ್ತಿರುವ
ತಮ್ಮ ವಿಶ್ವಾಸಿ
ಮರಿಲಿಂಗಮ್ಮ

ತಾ.ಕ.: ಪತ್ರವನ್ನು ತಮ್ಮ ಮೈಗೆ ಅಂಟಿಸಲು ಬಂದಾಗ ಸೋಮವಾರವೇ ಆಗಿತ್ತು. ನೀರಿಗಿಳಿದವರೆಲ್ಲ ಸೀರೆ ಬಿಚ್ಚಿ ತಮ್ಮ ತಗಡಿನ ಮೇಲೆಯೇ ಹಾಕಿದ್ದರು. ಹತ್ತರ ಮೇಲೆ ಹನ್ನೊಂದನೆಯದು ದೇವಕ್ಕನ ಇಳಕಲ್ ಸೀರೆ. ಆಕೆಯೂ ಕೊಡೆ ಬಟ್ಟೆ ತೊಟ್ಟು ಇಳಿದಿದ್ದಾಳೆ. ಕುಂಚ ಹಿಡಿದು ಬಂದ ಅಂಬ್ರಪ್ಪ, ಅಧ್ಯಕ್ಷರ ಹೆಂಡತಿಯ ಸೆರಗನ್ನು ಸರಿಸುವುದು ಹೇಗೆಂದು ವಿಚಾರ ಮಾಡುತ್ತ ನಿಂತಿದ್ದಾನೆ. ಸದ್ಯ ಈ ದಂಡೆಯ ಮೇಲೆ ಮೈತುಂಬ ಸೀರೆ ಉಟ್ಟವರು ತಾವೊಬ್ಬರೇ; ದಯಮಾಡಿ ನೀರಿಗೆ ಇಳಿಯಬೇಡಿ.