ನೈವೇದ್ಯಕ್ಕೆ ಮುಂಚಿನ ಸಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಎನ್.ಆರ್. ಕಾಲೋನಿಯ ನಮ್ಮ ಬೀದಿಗೆಲ್ಲ ಗೊತ್ತು. ಗೊತ್ತಿಲ್ಲದ ಸಂಗತಿಯೆಂದರೆ, ಆ ಕೋಪಕ್ಕೆ ತಾನು ಯಾರ ಪರ ಎಂಬುದೇ ತಿಳಿಯುವುದಿಲ್ಲ. ಒಮ್ಮೆ ವರ್ಗಾವಣೆ ರದ್ದು ಮಾಡಿ ಎಂದು ಬೇಡಿಕೊಳ್ಳಲು ಹೋದವನು, ಸಾಹೇಬರು ಹೊರಗೆ ಕಾಯಿಸಿದರೆಂದು ರೇಗಿ, ನೀವೇನು ಕಳಿಸೋದು, ನಾನೇ ಹೋಗ್ತೀನಿ ಎಂದು ಬರೆದುಕೊಟ್ಟು ಬಂದೆ. ಎರಡು ವರ್ಷ ಬೇರೆ ಊರಿನ ಮೆಸ್ಸಿನಲ್ಲಿ ಊಟ ಮಾಡಿದೆ.

ಈ ಸಲ ಕೋಪ ಬಂದದ್ದು ಮಗಳು ಅನಘಾಳ ಮೇಲೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದು, ಬಸವನಗುಡಿಯ ಕಾಲೇಜಿನಲ್ಲಿ ಬಿ.ಕಾಂ. ಸೀಟೂ ಸಿಕ್ಕ ಮೇಲೆ, ಕಾಲೇಜು ಬೇಡ, ಚಾಮರಾಜಪೇಟೆಯ ಅಡುಗೆ ಕಂಟ್ರಾಕ್ಟರ್ ಗಣಪತಿ ಭಟ್ಟರ ಹತ್ತಿರ ಎರಡು ವರ್ಷ ಕೆಲಸ ಕಲಿಯುತ್ತೇನೆ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಮನೆಗಳಲ್ಲಿ ಭಟ್ಟರ ಸಾರನ್ನು ಮೂರು ಸಲ ಹಾಕಿಸಿಕೊಂಡು ಹೊಗಳುವವನು ನಾನೇ. ಆದರೆ ಹೊಗಳುವುದು ಬೇರೆ, ಮಗಳನ್ನು ಕೊಪ್ಪರಿಗೆಯ ಮುಂದೆ ನಿಲ್ಲಿಸುವುದು ಬೇರೆ. ಕೂಗಾಡಿದೆ, ಒಂದು ಹೊತ್ತು ಊಟ ಬಿಟ್ಟೆ. ಅವಳು ಜಗ್ಗಲಿಲ್ಲ.

"ಬಿ.ಕಾಂ. ಯಾವಾಗ ಬೇಕಾದ್ರೂ ಮಾಡ್ಬೋದಪ್ಪ. ಭಟ್ರಿಗೆ ಎಪ್ಪತ್ತು ದಾಟಿದೆ," ಎಂದಳು.

ಅವಳಿಗೆ ತಿಳಿಯದಂತೆ ಭಟ್ಟರ ಮನೆಗೆ ಹೋದೆ. ನಾಲ್ಕು ದಿನ ಇಟ್ಟುಕೊಳ್ಳಿ, ಆಮೇಲೆ ನಿನ್ನ ಕೈಲಾಗಲ್ಲ ಎಂದು ಹೇಳಿ ಕಳಿಸಿಬಿಡಿ ಎಂದು ಕೈಮುಗಿದೆ. ಪಾಪ, ಒಪ್ಪಿದರು. ನಾಲ್ಕನೆಯ ದಿನವೇ ಕಾಲೇಜಿಗೆ ಸೇರಲು ಕಡೆಯ ದಿನ, ನಾಲ್ಕು ಗಂಟೆಗೆ ಕೌಂಟರ್ ಮುಚ್ಚುತ್ತದೆ. ಅರ್ಧ ದಿನ ರಜೆ ಹಾಕಿ, ಅಂಕಪಟ್ಟಿ ಕಂಕುಳಲ್ಲಿಟ್ಟುಕೊಂಡು ಮೂರು ಗಂಟೆಗೇ ಭಟ್ಟರು ಅಡುಗೆ ಮಾಡುತ್ತಿದ್ದ ಛತ್ರಕ್ಕೆ ಹೋದೆ. ಅಡುಗೆಮನೆಯಲ್ಲಿ ಸಂಜೆಯ ವರಪೂಜೆಗೆ ಸಾರು ಕುದಿಯುತ್ತಿತ್ತು, ಅನಘಾ ಕೊಪ್ಪರಿಗೆಯ ಪಕ್ಕದಲ್ಲೇ ನಿಂತಿದ್ದಳು. ಇವಳನ್ನು ಕಾಲೇಜಿಗೇ ಸೇರಿಸಿಬಿಡಿ ಸ್ವಾಮಿ ಎಂದರು ಭಟ್ಟರು. ಅಷ್ಟಕ್ಕೇ ನಾನು ಹೊರಟುಬಿಡಬೇಕಿತ್ತು.

ಆದರೆ ಅವರು ಮುಂದುವರಿಸಿದರು. "ನಿನ್ನೆ ನೈವೇದ್ಯಕ್ಕೆ ಮುಂಚೆ ಸಾರನ್ನ ಅಂಗೈಗೆ ಹಾಕ್ಕೊಂಡು ನೆಕ್ಕಿಬಿಟ್ಲು. ಇಡೀ ಕೊಪ್ಪರಿಗೆ ಚೆಲ್ಲಿಸ್ದೆ. ಮನೇಲಿ ಯಾರೂ ಹೇಳಿಕೊಟ್ಟಿಲ್ಲ, ಪಾಪ."

ಭಟ್ಟರ ಅಡುಗೆಯಲ್ಲಿ ದೇವರಿಗೆ ತೋರಿಸುವ ಮುನ್ನ ಯಾರೂ ನಾಲಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಹುಳಿ ಎಲ್ಲವೂ ಕುದಿಯುವ ವಾಸನೆಯಲ್ಲೇ ಗೊತ್ತಾಗಬೇಕು. ಕಚೇರಿಯಿಂದ ಬಂದವನೇ ಕೈಕಾಲೂ ತೊಳೆಯದೆ ಸಾರಿನ ಪಾತ್ರೆಗೆ ಸೌಟು ಹಾಕಿ ಅಂಗೈ ನೆಕ್ಕುವುದು ನಮ್ಮ ಮನೆಯಲ್ಲಿ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ಇರಬೇಕು, ಕೋಪ ನೆತ್ತಿಗೇರಿತು. ನನ್ನ ಮನೆಯ ಸುದ್ದಿ ಎತ್ತಲು ನೀವ್ಯಾರು, ನೀವೇನು ಹುಟ್ಟುತ್ತಲೇ ಸೌಟು ಹಿಡಿದು ಬಂದಿರಾ, ಒಂದು ತಪ್ಪಿಗೆ ಹುಡುಗಿಯನ್ನು ಓಡಿಸುವುದೇ ಎಂದು ಒಂದೇ ಸಮನೆ ಬೈದೆ. ಎಲೆ ಒರೆಸುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಭಟ್ಟರು ತಣ್ಣಗೆ ಹೇಳಿದರು. "ನೀವೇ ತಾನೇ ಸ್ವಾಮಿ ಬೇಡ ಅನ್ನಿ ಅಂದಿದ್ದು?"

ಅನಘಾ ನನ್ನನ್ನೇ ನೋಡಿದಳು. ನಾಚಿಕೆಯಿಂದ ಸತ್ತಹಾಗಾಯಿತು. ನಾಚಿಕೆಯಾದರೂ ನನಗೆ ಸಿಟ್ಟೇ ಬರುವುದು. "ಅದು ಬೇರೆ. ಈಗ ಅವಳಿಗೆ ವಾಸನೆ ನೋಡೋಕೆ ಹೇಳಿ," ಎಂದು ಗುಡುಗಿದೆ. ಅವಳು ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ ಉಪ್ಪು ಸಾಲದು ಎಂದಳು. ಭಟ್ಟರೂ ಬಗ್ಗಿ ಮೂಸಿದರು. ಒಂದು ಹಿಡಿ ಉಪ್ಪು ಹಾಕಿದರು. ಸೋಮವಾರ ಬೆಳಿಗ್ಗೆ ಐದಕ್ಕೆ ಬರಲಿ ಎಂದರು. ಗೆದ್ದೆನೆಂದು ಬೀಗುತ್ತಾ ಗಡಿಯಾರ ನೋಡಿದರೆ ನಾಲ್ಕೂಕಾಲು.

ಮನೆಯಲ್ಲಿ ನನ್ನಾಕೆ, ಸೇರಿಸಿದ್ದಾಯ್ತಾ ಎಂದು ಕೇಳಿದಳು. "ಆಯ್ತಮ್ಮ. ಅಪ್ಪನೇ ಜಗಳ ಆಡಿ ಸೇರಿಸಿದ್ರು," ಎಂದಳು ಮಗಳು. ನಾನು ನೇರ ಅಡುಗೆಮನೆಗೆ ನಡೆದು, ಸಾರಿನ ಪಾತ್ರೆಗೆ ಸೌಟು ಹಾಕಿದೆ. ಅನಘಾ ಹಿಂದೆಯೇ ಬಂದು ಸೌಟು ಕಿತ್ತುಕೊಂಡಳು.

"ಮೂಸಿ ನೋಡಪ್ಪ," ಎಂದಳು.

ಮೂಸಿದೆ. ನನಗೇನೂ ಗೊತ್ತಾಗಲಿಲ್ಲ.